ಕುಲಾವಿ ಹಿಡಿದ ಕೈ

ಆಗೆಲ್ಲ ಫೋಟೋ ತೆಗೆಸುವುದೆಂದರೆ ಹಬ್ಬಕ್ಕೆ ಬಟ್ಟೆ ಹೊಲಿಸಿದಷ್ಟೇ ದೊಡ್ಡ ಸಂಭ್ರಮ. ತಲೆಗೆ ಎಣ್ಣೆ, ಮುಖಕ್ಕೆ ಪೌಡರು, ಆಮೇಲೆ ಉಸಿರು ಬಿಗಿಹಿಡಿದು ನಿಲ್ಲುವುದು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೊಬ್ಬ ಅಜ್ಜ, ಒಬ್ಬ ಅಜ್ಜಿ ಕಣ್ಣು ಬಿಟ್ಟುಕೊಂಡು ನೋಡುತ್ತಿರುತ್ತಿದ್ದರು. ನಮ್ಮ ಗೋಡೆ ಮಾತ್ರ ಬೋಳು. ಅಬ್ಬನ ಅಮ್ಮ, ನಮ್ಮ ದಾದಿಮಾ, ಕ್ಯಾಮೆರಾ ಕಂಡರೆ ಸೆರಗೆಳೆದುಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಅಲ್ಲಾ ಕೊಟ್ಟ ಮುಖವನ್ನು ಕಾಗದಕ್ಕೆ ಇಳಿಸಬಾರದೆಂಬುದು ಅವಳ ನಂಬಿಕೆ.

ಅಬ್ಬನಿಗೆ ಇದೊಂದು ದೊಡ್ಡ ಕೊರಗು. ಅವರಪ್ಪ ತೀರಿಕೊಂಡಾಗ ಅವರಿನ್ನೂ ಅಂಬೆಗಾಲಿಡುವ ಮಗು. ಆ ಅಪ್ಪನೂ ಫೋಟೋ ತೆಗೆಸಿಕೊಂಡವರಲ್ಲ. "ನಮ್ಮಪ್ಪ ಎದುರಿಗೆ ಬಂದು ನಿಂತ್ರೂ ಯಾರು ಬೇಕಿತ್ತು ಅಂತ ಕೇಳ್ತೀನಿ" ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದರು. ಅಮ್ಮನ ಮುಖವೂ ಹಾಗೆ ಕಳೆದುಹೋಗಬಾರದು, ಅಷ್ಟೇ ಅವರ ಆಸೆ.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದ ಆ ಚಳಿಗಾಲ ಈಗಲೂ ಕನಸಿನ ಹಾಗೆ ಮಸುಕುಮಸುಕಾಗಿ ಬರುತ್ತದೆ. ಬೆಳಗಿನ ಮಂಜಿನ ಜೊತೆ ರೇಷ್ಮೆಗೂಡು ಬೇಯಿಸುವ ವಾಸನೆ ಬರುತ್ತಿತ್ತು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೋ ಅದು ಮನೆಯದೇ ವಾಸನೆ. ಬಿಸಿಲೇರಿದ ಮೇಲೆ ಅವರೆಕಾಯಿಯ ಸೊಗಡು. ದಾದಿಮಾ ಅಂಗಳದಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಬೇಳೆ ಪಟಕ್ಕನೆ ಹಾರಿ ನನ್ನ ಲಂಗದ ಮಡಿಲಿಗೆ ಬೀಳುತ್ತಿತ್ತು. ನಾನು ಚಿಟ್ಟೆ ಹೊರಬಿದ್ದ ತೂತುಗೂಡುಗಳನ್ನು ಬೆರಳುಗಳಿಗೆ ತೊಡಿಸಿಕೊಂಡು ಅವಕ್ಕೆ ಮದುವೆ ಮಾಡಿಸುತ್ತಿದ್ದೆ.

ಆ ಚಳಿಯಲ್ಲೇ ತಮ್ಮ ಹುಟ್ಟಿದ. ಅವನ ನಲವತ್ತನೆಯ ದಿನದ ಸ್ನಾನಕ್ಕೆ ಟ್ರಂಕಿನಿಂದ ಕುಲಾವಿ ಹೊರಬಂತು. ದಾದಿಮಾ ಬಿಸಿನೀರಿನ ಗೂಡುಗಳಿಂದ ರೇಷ್ಮೆ ನೂಲು ಬಿಚ್ಚುವ ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ತುಂಡು ಎಳೆಗಳನ್ನು ಕೂಡಿಸಿಟ್ಟು ಹೆಣೆದ ಪುಟ್ಟ ಟೋಪಿ ಅದು. ನಮ್ಮ ಮನೆಯ ಮಕ್ಕಳೆಲ್ಲ ಆ ದಿನ ಅದನ್ನೇ ತೊಡಬೇಕು. ಒಂದೊಂದು ಮಗುವಿಗೂ ಅದರ ಮೇಲೆ ಒಂದೊಂದು ಹೂ ಕಸೂತಿ ಏರುತ್ತಿತ್ತು. ನನ್ನದು ಗಿಳಿಹಸಿರು ಹೂ. ಅದೇ ಎಲ್ಲಕ್ಕಿಂತ ಚೆಂದ ಎಂದು ಅಕ್ಕನ ಜೊತೆ ಜುಟ್ಟು ಹಿಡಿದು ಜಗಳವಾಡಿದ್ದೂ ಉಂಟು.

"ಇದರದಾದ್ರೂ ಫೋಟೋ ತೆಗೆಸೋಣಮ್ಮ" ಎಂದರು ಅಬ್ಬ.

"ಇದಕ್ಕೆ ಕಣ್ಣಿಲ್ಲ, ಮೂಗಿಲ್ಲ. ಬೇಕಾದ್ರೆ ತೆಗೆಸ್ಕೋ. ನಂದು ಮಾತ್ರ ನಕ್ಕೋ."

ನಕ್ಕೋ ಎಂದರೆ ನಮ್ಮ ಮನೆಯ ಉರ್ದುವಿನಲ್ಲಿ ಬೇಡ ಎಂದು. ದಾದಿಮಾ ಬಾಯಲ್ಲಿ ಅದು ಬಂದರೆ ಮುಗಿಯಿತು, ಮತ್ತೆ ಮಾತಿಲ್ಲ.

ಫೋಟೋ ಸ್ಟುಡಿಯೋದ ಮುನಿರಾಜಣ್ಣ ಮನೆಗೇ ಬಂದ. ಬಾಗಿಲಲ್ಲೇ ಅಬ್ಬ ಅವನ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಕುಲಾವಿ ಅಮ್ಮನ ಕೈಲೇ ಇರ್ಲಿ. ಒಂದು ಅದಕ್ಕೆ ಹೊಡಿ, ಇನ್ನೊಂದು ಮುಖಕ್ಕೆ. ಅವ್ರಿಗೆ ಗೊತ್ತಾಗಲ್ಲ." ದಾದಿಮಾಗೆ ಹೇಳಿಬಿಡಲೇ ಅನ್ನಿಸಿತು, ಆದರೆ ಅಬ್ಬನ ಮುಖ ನೋಡಿದ ಮೇಲೆ ಹೇಳಲು ಮನಸ್ಸಾಗಲಿಲ್ಲ.

ಮದುವೆಗಳಲ್ಲಿ ಉಂಗುರ, ತಾಳಿಯ ಫೋಟೋ ತೆಗೆಯಲು ಇಟ್ಟುಕೊಂಡಿದ್ದ ಗಾಜೊಂದನ್ನು ಮುನಿರಾಜಣ್ಣ ಕ್ಯಾಮೆರಾದ ಮೂತಿಗೆ ತಿರುಗಿಸಿ ಕೂರಿಸಿದ. "ಇದು ಕ್ಲೋಸಪ್ಪು ಕಣಮ್ಮ, ನೋಡ್ತೀಯಾ?" ಎಂದು ನನ್ನನ್ನು ಕರೆದ. ಕಣ್ಣಿಟ್ಟೆ. ದಾದಿಮಾ ಹಿಡಿದು ಕೂತಿದ್ದ ಕುಲಾವಿಯ ಮೇಲಿನ ನನ್ನ ಪುಟ್ಟ ಹೂ ಅಲ್ಲೊಂದು ತೋಟವೇ ಆಗಿತ್ತು. ಎಳೆಯೊಂದೊಂದೂ ನಡೆದು ಹೋಗುವಷ್ಟು ಅಗಲದ ದಾರಿ. ಸುತ್ತಲಿನ ಅಂಗಳ, ಹಗ್ಗದ ಮೇಲಿನ ಬಟ್ಟೆ, ಅಬ್ಬ, ಎಲ್ಲವೂ ಹಾಲಿನಲ್ಲಿ ಕರಗಿಹೋಗಿದ್ದವು. ಆ ದಾರಿ ಹಿಡಿದು ಹೋದರೆ ದಾದಿಮಾ ಹುಡುಗಿಯಾಗಿ ಕೂತು ಹೆಣೆಯುತ್ತಿರುವುದು ಕಾಣುತ್ತದೆ ಎಂದುಕೊಂಡೆ. ಕ್ಯಾಮೆರಾ ಬಿಡಲು ಮನಸ್ಸೇ ಬರಲಿಲ್ಲ.

"ನನ್ ಮುಖ ಬರಲ್ಲ ಅಲ್ವೇನಪ್ಪ?" ದಾದಿಮಾ ಕನ್ನಡದಲ್ಲಿ ಕೇಳಿದಳು.

ಮುನಿರಾಜಣ್ಣ ಅಬ್ಬನ ಕಡೆ ನೋಡಿದ. ಆಮೇಲೆ ಅವಳ ಕಡೆ. "ಬರಲ್ಲಮ್ಮ. ನನ್ ಮಾತು."

ಹಾಗಾದರೆ ಇನ್ನೇನು ಎಂಬಂತೆ ಅವಳು ಅಷ್ಟು ಹೊತ್ತೂ ಮುಖದ ಮೇಲಿದ್ದ ಸೆರಗನ್ನು ಹಿಂದಕ್ಕೆ ಸರಿಸಿ, ಎಳೆಬಿಸಿಲಿಗೆ ಮುಖವೊಡ್ಡಿ ಆರಾಮಾಗಿ ಕೂತಳು. ಅಬ್ಬ ಹಿಂದಿನಿಂದ ಕೈಸನ್ನೆ ಮಾಡಿದರು. ಮತ್ತೆ ಮಾಡಿದರು. ಮುನಿರಾಜಣ್ಣನ ಕ್ಯಾಮೆರಾ ಕುಲಾವಿ ಬಿಟ್ಟು ಮೇಲೇಳಲಿಲ್ಲ.

"ಏನಯ್ಯಾ, ನಾನು ಹೇಳಿದ್ದೇನು?" ಬೀದಿಯಲ್ಲಿ ಅಬ್ಬ ಸಿಡಿದರು.

"ನನ್ನ ನಂಬ್ಕೊಂಡು ಸೆರಗು ತೆಗೆದು ಕೂತ್ರಲ್ಲ ಭಾಯಿ. ಹೆಂಗ್ ಹೊಡೀಲಿ, ನೀವೇ ಹೇಳಿ?"

ಅಬ್ಬ ಆಮೇಲೆ ಅವನ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಶಾಲೆಯಿಂದ ಬರುತ್ತಿದ್ದ ನನ್ನನ್ನು ಕರೆದು ಅವನೇ ಕವರು ಕೊಟ್ಟು ಕಳಿಸಿದ. ಫೋಟೋ ತುಂಬ ಕುಲಾವಿ. ಕೆಳಗಡೆ ಅದನ್ನು ಹಿಡಿದ ಎರಡು ಹೆಬ್ಬೆರಳು, ಬಿಸಿನೀರಿಗೆ ಸುಕ್ಕಾದ ಚರ್ಮ, ಅವರೆ ಸೊಗಡಿಗೆ ಕಪ್ಪಾದ ಉಗುರು. ದಾದಿಮಾ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಹರಿದೇ ಹಾಕುತ್ತಾಳೆಂದು ಅಬ್ಬ ಎದ್ದು ನಿಂತರು.

"ಛೀ, ಉಗುರು ನೋಡು! ಕೈ ಬರುತ್ತೆ ಅಂತ ಮೊದ್ಲೇ ಹೇಳಬಾರ್ದಾ? ಮೆಹಂದಿ ಹಚ್ಕೊಂಡು ಕೂತ್ಕೊತಿದ್ದೆ."

ಮನೆಯೆಲ್ಲ ನಕ್ಕಿತು. ಅಬ್ಬ ಎಲ್ಲರಿಗಿಂತ ಕೊನೆಗೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬೋಳು ಗೋಡೆಗೆ ಆ ಫೋಟೋ ಕಟ್ಟು ಹಾಕಿಸಿಕೊಂಡು ಏರಿತು.

ದಾದಿಮಾ ಹೋಗಿ ಎಷ್ಟೋ ಚಳಿಗಾಲಗಳಾದವು. ಕುಲಾವಿಯನ್ನು ನುಸಿ ತಿಂದಿತು, ಮುಟ್ಟಿದರೆ ಎಳೆ ಕೈಗೇ ಬರುತ್ತಿತ್ತು. ನನ್ನ ಮಕ್ಕಳಿಗೆ ಅಂಗಡಿಯ ಟೋಪಿ ತೊಡಿಸಿದೆ. ಹಿದುಕಿದ ಬೇಳೆ ಈಗ ಪೊಟ್ಟಣದಲ್ಲೇ ಸಿಗುತ್ತದೆ, ಅಂಗಳದಲ್ಲಿ ಕೂರುವ ಕೆಲಸವಿಲ್ಲ. ಫೋನಿನ ತುಂಬ ಮುಖಗಳೇ, ಯಾರ ಮುಖವನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಕೊನೆಗಾಲದಲ್ಲಿ ಅಬ್ಬ ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು ಕೇಳಿದರು. "ನಮ್ಮಮ್ಮನ ಗಲ್ಲದ ಮೇಲೆ ಮಚ್ಚೆ ಇತ್ತಲ್ಲ ಬೇಟಿ, ಬಲಕ್ಕಿತ್ತಾ, ಎಡಕ್ಕಿತ್ತಾ?"

ಕಣ್ಣು ಮುಚ್ಚಿ ಹುಡುಕಿದೆ. ಅಂಗಳ ಬಂತು, ಸೊಗಡು ಬಂತು, ಹಿಂದೆ ಸರಿದ ಸೆರಗೂ ಬಂತು. ಮುಖವಿರಬೇಕಾದ ಜಾಗದಲ್ಲಿ ಬರೀ ಬಿಸಿಲು.

"ಬಲಕ್ಕೆ" ಎಂದೆ. ಅಬ್ಬ ಸಮಾಧಾನದಿಂದ ತಲೆಯಾಡಿಸಿದರು. ಅದನ್ನೇ ನಂಬಿಕೊಂಡು ಹೋದರು.