ಹಸಿರು ಐಫೆಲ್

ನಿನ್ನೆ ಷೋಕೇಸ್ ಒರೆಸುತ್ತಿದ್ದ ಮಗಳು ಅಮೆರಿಕದ ಸಂಸತ್ ಭವನವನ್ನು ಎತ್ತಿ ತಂದು ನನ್ನ ಕೈಗಿಟ್ಟಳು. ಗಾಬರಿಯಾಗಬೇಡಿ, ಅಂಗೈಗಿಂತ ತುಸು ದೊಡ್ಡದು ಅಷ್ಟೆ. ಎರಕದ ಕಬ್ಬಿಣದ ಹಳೆಯ ಕಾಲದ ಕಾಸಿನ ಡಬ್ಬಿ, ಗುಮ್ಮಟದಲ್ಲೊಂದು ಸೀಳು. "ಪಪ್ಪಾ, ಫುಲ್ ರಸ್ಟ್. ನಿಮ್ ಫ್ಯಾಕ್ಟರೀಲಿ ಪೇಂಟ್ ಮಾಡಿಸ್ಬೋದಲ್ವಾ?" ಎಂದಳು. ಅಂಗೈಗೆ ಹತ್ತಿದ ತುಕ್ಕಿನ ವಾಸನೆಗೆ ಲಾರೆನ್ಸ್ ಅಂಕಲ್ ನೆನಪಾದರು.

ಉಡುಪಿ ಕಡೆಯವರು, ಇಲ್ಲಿ ಒಮಾನಿನ ಅಲ್ ಹೈಲ್‌ನಲ್ಲಿ ನಮ್ಮ ಎದುರು ಫ್ಲಾಟಿನಲ್ಲಿದ್ದರು. ದೇಶ ಬಿಟ್ಟು ಹೊರಡುವ ಬಿಳಿಯರು ಮನೆ ಸಾಮಾನು ಮಾರುವಾಗ ನಾವೆಲ್ಲ ಸೋಫಾ, ವಾಷಿಂಗ್ ಮೆಷಿನ್ ಎಂದು ಮುಗಿಬಿದ್ದರೆ, ಅವರು ಮೂಲೆಯಲ್ಲಿ ಇಂಥ ಡಬ್ಬಿ ಹುಡುಕುತ್ತಿದ್ದರು. ಹೀಗೆ ಏಳು ಕಟ್ಟಡ ಸೇರಿದ್ದವು. ಮೊದಲು ಸಿಕ್ಕಿದ್ದು ಮಾಸಿದ ಚಿನ್ನದ ಬಣ್ಣದ ಐಫೆಲ್ ಗೋಪುರ. ಅದರ ಮೇಲೆ ಅವರಿಗೆ ಪ್ರಾಣ. ಒಂದರಲ್ಲೂ ಒಂದು ಬೈಸಾ ಕಾಸು ಹಾಕಿದವರಲ್ಲ.

ಒಮ್ಮೆ ರಜೆಗೆ ಹೋಗುವಾಗ ಏಳನ್ನೂ ನನ್ನ ಸುಪರ್ದಿಗೆ ಕೊಟ್ಟರು. ನಾನೋ ರುಸೈಲ್‌ನಲ್ಲಿ ಗೇಟು, ಕಿಟಕಿಗಳಿಗೆ ಬಣ್ಣ ಹಾಕುವ ಕಾರ್ಖಾನೆಯ ಸೂಪರ್‌ವೈಸರ್. ತುಕ್ಕು ಕಂಡರೆ ಕೈ ತುರಿಸುವ ಜಾತಿ. ಪ್ರೀತಿ ಉಕ್ಕಿ ಬಂತು. ಐಫೆಲ್‌ಗೆ ಯಂತ್ರದಿಂದ ಮರಳು ಹೊಡೆಸಿ, ತುಕ್ಕು ತೆಗೆಸಿ, ಪುಡಿಬಣ್ಣ ಹಾಕಿಸಿ, ಅದು ಕರಗಿ ಅಂಟಲೆಂದು ಓವನ್ನಿನಲ್ಲಿ ಬೇಯಿಸಿದೆ. ಆ ದಿನ ಲೈನಿನಲ್ಲಿದ್ದದ್ದು ಯಾವುದೋ ಶಾಲೆಯ ಗೇಟುಗಳ ಗಿಳಿಹಸಿರು. ಇರಲಿ, ಕಣ್ಣಿಗೂ ತಂಪು ಎಂದುಕೊಂಡೆ.

ವಾಪಸು ಬಂದ ಅಂಕಲ್ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. "ಹಳೇ ಬಣ್ಣವೇ ಇದರ ಜೀವ ಮಾರಾಯ. ಅದು ಹೋದ್ರೆ ಬರೇ ಕಬ್ಬಿಣ. ಖಲಾಸ್" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಲಿಫ್ಟಿನಲ್ಲಿ ಎದುರಾಗಬಾರದೆಂದು ಒಂದು ವಾರ ಐದು ಮಹಡಿ ಹತ್ತಿದೆ. ಎಂಟನೆಯ ದಿನ ಅವರೇ ಮೆಟ್ಟಿಲ ಮೇಲೆ ಕೂತಿದ್ದರು. "ಬಾ, ಚಾ ಕುಡಿಯುವ" ಎಂದರು. ಕ್ಷಮೆ ಕೇಳುವ ಮಾತು ಚಹಾದ ಜೊತೆ ಒಳಗೇ ಹೋಯಿತು.

ಹೋದ ವರ್ಷ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ವಿಮಾನದಲ್ಲಿ ಕಬ್ಬಿಣ ಹೊತ್ತರೆ ಬಟ್ಟೆ ಬಿಡಬೇಕು. ಪೆಟ್ಟಿಗೆಯಲ್ಲಿ ಒಂದಕ್ಕಷ್ಟೇ ಜಾಗವಿತ್ತು. ಆರನ್ನು ನಮಗೆ ಕೊಟ್ಟು ಹಸಿರು ಐಫೆಲ್ಲನ್ನು ಲುಂಗಿಯಲ್ಲಿ ಸುತ್ತಿದರು.

"ಅದ್ಯಾಕೆ ಅಂಕಲ್? ನಾನು ಕೆಡಿಸಿದ್ದಲ್ವಾ ಅದು?"

"ಉಳಿದದ್ದೆಲ್ಲ ಯಾರ್ಯಾರೋ ಮಾಡಿದ್ದು. ಇದು ನೀನು ಮಾಡಿದ್ದು."

ಮಗಳು ಇನ್ನೂ ಕಾಯುತ್ತಿದ್ದಳು. ಕೈ ಈಗಲೂ ತುರಿಸುತ್ತಿತ್ತು ಅನ್ನಿ. "ಬೇಡಮ್ಮ, ಹಾಗೇ ಇಡು" ಎಂದೆ. ಆಮೇಲೆ ತುಕ್ಕಿನ ಕೈಯಲ್ಲೇ ಉಡುಪಿಗೆ ಫೋನ್ ಮಾಡಿ, ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಹೇಳಿದೆ: "ಅಂಕಲ್, ಆವತ್ತು ತಪ್ಪಾಯ್ತು."

ಆ ಕಡೆಯಿಂದ ಕಬ್ಬಿಣಕ್ಕೆ ಬೆರಳು ತಟ್ಟಿದ ಸದ್ದು ಕೇಳಿತು.

"ಗಟ್ಟಿ ಬಣ್ಣ ಮಾರಾಯ," ಎಂದರು. "ಇಲ್ಲಿ ಒಂದು ಮಳೆಗಾಲ ಕಳೀತು. ಒಂದು ಚುಕ್ಕಿ ತುಕ್ಕು ಬರ್ಲಿಲ್ಲ."