ಒತ್ತಡ ನಿರ್ವಹಣೆ ಶಿಬಿರದಲ್ಲಿ ನಿದ್ದೆ ಹೋದ ಶಿಕ್ಷಕಿ

ನಿವೃತ್ತಿಗೆ ಇನ್ನೆರಡು ವರ್ಷ ಉಳಿದಿದ್ದಾಗ ನಾನು ಕ್ಷೇತ್ರ ಸಮನ್ವಯಾಧಿಕಾರಿಯಾಗಿದ್ದೆ. ಕೊರೊನಾ ಕಳೆದು ಶಾಲೆಗಳು ಮತ್ತೆ ಹಳಿಗೆ ಬಂದಿದ್ದ ಕಾಲ. ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರಿಗೆ ತರಬೇತಿ ಏರ್ಪಡಿಸುವುದು, ಅದರ ವರದಿಯನ್ನು ಮೇಲಕ್ಕೆ ಕಳಿಸುವುದು ಈ ಹುದ್ದೆಯ ಮುಖ್ಯ ಕೆಲಸ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಕಡೆ ನಾನು ದುಡಿದಿದ್ದೇನೆ. ಇದು ನಡೆದದ್ದು ಎಲ್ಲಿ ಎಂದು ಬರೆಯುವುದಿಲ್ಲ. ಆ ಶಿಕ್ಷಕಿ ಇನ್ನೂ ಸರ್ವಿಸ್‌ನಲ್ಲಿದ್ದಾರೆ. ಅವರನ್ನು ಸವಿತಾ ಎಂದು ಕರೆಯುತ್ತೇನೆ.

ಶಿಕ್ಷಕರಿಗೆ ‘ಒತ್ತಡ ನಿರ್ವಹಣೆ’ ಶಿಬಿರ ನಡೆಸಬೇಕೆಂದು ಆ ವರ್ಷ ಆದೇಶ ಬಂತು. ಶಾಲೆಯ ದಿನ ಹಾಳಾಗಬಾರದೆಂದು ನಮ್ಮ ಕಚೇರಿ ಭಾನುವಾರವನ್ನೇ ಗೊತ್ತು ಮಾಡಿತು. ದಣಿದವರಿಗೆ ವಿಶ್ರಾಂತಿಯ ಮಹತ್ವ ಹೇಳಲು ಅವರ ರಜೆಯನ್ನೇ ಕಿತ್ತುಕೊಳ್ಳುತ್ತಿದ್ದೇವೆ ಎಂದು ಅಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಹಾಜರಾತಿ ಕಡ್ಡಾಯ ಎಂಬ ಸುತ್ತೋಲೆಗೆ ಸಹಿ ಹಾಕಿದವಳು ನಾನೇ.

ಎಂಬತ್ತು ಜನ ಬಂದರು. ಹೊರಗಿನಿಂದ ಕರೆಸಿದ ತರಬೇತುದಾರರು ಎಲ್ಲರ ಕೈಗೂ ಒಂದೊಂದು ಬಲೂನು ಕೊಟ್ಟು, ಮನಸ್ಸಿನ ಭಾರವನ್ನೆಲ್ಲ ಅದರೊಳಗೆ ಊದಿ ಒಡೆಯಿರಿ ಎಂದರು. ಇಪ್ಪತ್ತು, ಮೂವತ್ತು ವರ್ಷ ಪಾಠ ಮಾಡಿದವರು ಬಲೂನು ಒಡೆದು ಚಪ್ಪಾಳೆ ತಟ್ಟಿದರು. ನಾವು ಫೋಟೋ ತೆಗೆದು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದೆವು. ಫೋಟೋದ ಮೂರನೇ ಸಾಲಿನಲ್ಲಿ ಸವಿತಾ ಗೋಡೆಗೆ ತಲೆಯಾನಿಸಿ ಗಾಢ ನಿದ್ದೆಯಲ್ಲಿದ್ದರು. ಅಷ್ಟು ಬಲೂನು ಒಡೆದರೂ ಅವರಿಗೆ ಎಚ್ಚರವಾಗಿರಲಿಲ್ಲ.

ಸೋಮವಾರ ನಮ್ಮ ಕಚೇರಿಯ ಸಾಹೇಬರು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದರು. “ಯಾರ್ರೀ ಇದು? ಮೇಲಿನವರೆಲ್ಲ ನೋಡಿದಾರೆ. ನೋಟೀಸ್ ಕೊಡಿ.”

ಕೊಟ್ಟೆ. ಒಕ್ಕಣೆ ನನ್ನದು. ಟೈಪ್ ಮಾಡಿದ್ದು ನನ್ನೆದುರು ಕೂತು ಕಂಪ್ಯೂಟರ್ ಕೆಲಸ ನೋಡುತ್ತಿದ್ದ ಮಂಜುನಾಥ್. ತರಬೇತಿಯಲ್ಲಿ ಅಶಿಸ್ತು ತೋರಿದ್ದಕ್ಕೆ ಕ್ರಮ ಏಕೆ ಜರುಗಿಸಬಾರದು, ಮೂರು ದಿನದೊಳಗೆ ಸಮಜಾಯಿಷಿ ನೀಡಿ ಎಂದು ಕೇಳಿದ್ದೆ. ಬಂದ ಉತ್ತರ ಒಂದೇ ಸಾಲಿನದು: “ನಾನು ನಿದ್ದೆ ಮಾಡಿದ್ದು ನಿಜ.”

ಕ್ಷಮೆ ಕೇಳಿರಲಿಲ್ಲ, ಕಾರಣವನ್ನೂ ಹೇಳಿರಲಿಲ್ಲ. ಎಂಥ ಅಹಂಕಾರ ಎಂದುಕೊಂಡು ಮರುದಿನ ಮುನ್ಸೂಚನೆ ಕೊಡದೆ ಅವರ ಶಾಲೆಗೆ ಹೊರಟೆ. ಈರುಳ್ಳಿ ಕೀಳುವ ಕಾಲ. ಊರಿನವರೆಲ್ಲ ಹೊಲದಲ್ಲಿದ್ದರು. ಶಾಲೆಯಲ್ಲಿ ಒಂದರಿಂದ ಐದನೇ ತರಗತಿಯವರೆಗಿನ ಇಪ್ಪತ್ತೇಳು ಮಕ್ಕಳು ಎರಡು ಕೋಣೆಯಲ್ಲಿ ತಮ್ಮಷ್ಟಕ್ಕೆ ತಾವೇ ಕಾಪಿ ಬರೆಯುತ್ತಿದ್ದರು. ಸವಿತಾ ಕಾಂಪೌಂಡಿನ ಮೂಲೆಯಲ್ಲಿ ಮೊಬೈಲ್ ಮೇಲೆತ್ತಿ ನಿಂತಿದ್ದರು. ಮಕ್ಕಳಿಗೆ ಕೊಡುವ ಬೇಯಿಸಿದ ಮೊಟ್ಟೆಗಳ ಫೋಟೋ ಇಲಾಖೆಗೆ ಅಪ್‌ಲೋಡ್ ಆಗಬೇಕಿತ್ತು. ಅಲ್ಲಿ ಬಿಟ್ಟರೆ ಬೇರೆಲ್ಲೂ ಸಿಗ್ನಲ್ ಇರಲಿಲ್ಲ.

ಬಿಸಿಯೂಟದ ಅಡುಗೆ ಮಾಡುವ ರಂಗಮ್ಮ ನನ್ನನ್ನು ಪಕ್ಕಕ್ಕೆ ಕರೆದರು. “ಮೇಡಮ್ಮೋರೆ, ನಮ್ ಟೀಚರಮ್ಮ ಸರಿಯಾಗಿ ಉಣ್ಣದೇ ಇಲ್ಲ ಕಣ್ರೀ. ತಟ್ಟೆ ಮುಂದಿಟ್ಕಂಡು ಮೊಬೈಲ್ ಒತ್ತಾ ಇರ್ತಾರೆ. ಅನ್ನ ತಣ್ಣಗಾಗೋಯ್ತದೆ. ನೀವಾದ್ರೂ ಒಂದ್ ಮಾತು ಹೇಳಿ.”

ಒಳಗೆ ಕೂತ ಮೇಲೆ ಸವಿತಾ ನಿಧಾನವಾಗಿ ಹೇಳಿದರು. “ನೋಟೀಸಿಗೆ ಬೇಜಾರಿಲ್ಲ ಮೇಡಂ. ಆವತ್ತು ಮೂರು ಗಂಟೆ ನನ್ನನ್ನ ಯಾರೂ ಏನೂ ಕೇಳ್ಲಿಲ್ಲ. ಅಷ್ಟು ಹೊತ್ತು ಸುಮ್ನೆ ಕೂತು ಎಷ್ಟು ಕಾಲ ಆಗಿತ್ತೋ, ಕಣ್ಣು ಮುಚ್ಚೋಯ್ತು.”

ಆಮೇಲೆ ಮೇಜಿನ ಡ್ರಾಯರ್‌ನಿಂದ ಒಂದು ಕಾಗದ ತೆಗೆದರು. ಸ್ವಯಂ ನಿವೃತ್ತಿಯ ಅರ್ಜಿ, ಇನ್ನೂ ಕಳಿಸಿರಲಿಲ್ಲ. ಹದಿನೇಳು ವರ್ಷದ ಸರ್ವಿಸ್. ಕೆಲಸ ಹೆಚ್ಚಾಯಿತೆಂದು ಬರೆದದ್ದಾ ಎಂದು ಕೇಳಿದೆ.

“ಅಲ್ಲ ಮೇಡಂ. ಮೂರನೇ ಕ್ಲಾಸಿನ ಒಂದು ಹುಡುಗಿ ಪುಸ್ತಕ ಹಿಡ್ಕೊಂಡು ‘ಮಿಸ್, ಇದು ಏನು’ ಅಂತ ಬಂದ್ಳು. ‘ಇರು, ಇದು ಅಪ್‌ಲೋಡ್ ಆಗ್ಲಿ’ ಅಂತ ರೇಗಿಬಿಟ್ಟೆ. ಅವಳು ಮತ್ತೆ ಕೇಳೋಕೆ ಬರ್ಲೇ ಇಲ್ಲ. ಆವತ್ತು ಬರೆದೆ.”

ಕಣ್ಣು ತಪ್ಪಿಸಲು ಗೋಡೆಯ ಕಡೆ ನೋಡಿದೆ. ಅಲ್ಲಿ ಶಿಕ್ಷಕರ ಹೆಸರಿನ ಪಟ್ಟಿ ಇತ್ತು. ಹೆಸರು ಎರಡು. ಎರಡನೆಯದು ಮಂಜುನಾಥ್, ಮುಂದೆ ಆವರಣದಲ್ಲಿ ‘ನಿಯೋಜನೆ ಮೇಲೆ’ ಎಂದಿತ್ತು. ನಿಯೋಜನೆ ಎಂದರೆ ಸಂಬಳ ಇಲ್ಲಿನ ಹುದ್ದೆಯದು, ಕೆಲಸ ಇನ್ನೆಲ್ಲೋ. ಆ ‘ಇನ್ನೆಲ್ಲೋ’ ನನ್ನ ಕಚೇರಿ. ಈ ಶಾಲೆಯ ಒಬ್ಬ ಮೇಷ್ಟ್ರನ್ನು ನನ್ನೆದುರು ಕೂರಿಸಿಕೊಂಡು, ಅವರ ಪಾಲಿನ ಪಾಠವನ್ನೂ ಹೊತ್ತು ಬಳಲಿದ ಶಿಕ್ಷಕಿಗೆ ಆ ಮೇಷ್ಟ್ರ ಕೈಯಿಂದಲೇ ನೋಟೀಸ್ ಟೈಪ್ ಮಾಡಿಸಿದ್ದೆ. ನಿಯೋಜನೆ ನಾನು ಬರುವ ಮೊದಲೇ ಆಗಿತ್ತು. ಆದರೆ ಒಂದೂವರೆ ವರ್ಷದಲ್ಲಿ ಒಮ್ಮೆಯೂ, ನಿಮ್ಮ ಶಾಲೆ ಯಾವುದು, ಅಲ್ಲಿ ಯಾರಿದ್ದಾರೆ ಎಂದು ನಾನು ಕೇಳಿರಲಿಲ್ಲ.

ಮರಳಿ ಬಂದು, ಶಾಲೆಗೆ ವಾಪಸ್ ಹೋಗುವ ಮನಸ್ಸಿಲ್ಲವೇ ಎಂದು ಮಂಜುನಾಥರನ್ನೇ ಕೇಳಿದೆ. ಅವರು ತಲೆ ತಗ್ಗಿಸಿದರು. “ನಂಗೂ ಪಾಠ ಮಾಡಿ ಮೂರು ವರ್ಷ ಆಯ್ತು ಮೇಡಂ. ವಾಪಸ್ ಕಳ್ಸಿ ಅಂತ ಸಾಹೇಬ್ರನ್ನ ಎರಡು ಸಲ ಕೇಳ್ದೆ. ಕಂಪ್ಯೂಟರ್ ಗೊತ್ತಿರೋನು ನೀನೊಬ್ನೇ ಅಂದ್ರು.”

ಸಾಹೇಬರ ಹತ್ತಿರ ಹೋದೆ. ಅವರು ಶಾಂತವಾಗಿಯೇ ಇದ್ದರು. “ಇದನ್ನೆಲ್ಲ ಬಾಯಲ್ಲಿ ಹೇಳಿ ಮೇಡಂ, ಫೈಲಲ್ಲಿ ಬರೀಬೇಡಿ.”

ಅಷ್ಟು ವರ್ಷ ನಾನು ಬಾಯಲ್ಲೇ ಹೇಳಿದ್ದೆ. ಬಾಯಲ್ಲಿ ಹೇಳಿದ್ದು ಆ ಕೋಣೆಯ ಬಾಗಿಲು ದಾಟುತ್ತಿರಲಿಲ್ಲ. ಆ ದಿನ ಕಡತದಲ್ಲಿ ಬರೆದೆ: ಈ ಶಾಲೆಯ ಸ್ಥಿತಿಗೆ ನಮ್ಮ ಕಚೇರಿಯೇ ಕಾರಣ, ನಿಯೋಜನೆ ಕೂಡಲೇ ರದ್ದಾಗಬೇಕು, ನೋಟೀಸ್ ಹಿಂಪಡೆಯಬೇಕು. ಕಡತದಲ್ಲಿ ಬರೆದದ್ದಕ್ಕೆ ಹೌದು ಅಥವಾ ಇಲ್ಲ ಎಂದು ಸಹಿ ಹಾಕಲೇಬೇಕು. ಸಾಹೇಬರು ಪೆನ್ನು ಹಿಡಿದು, “ಇಲ್ಲಿನ ಕೆಲಸ ಯಾರ್ ಮಾಡ್ತಾರೆ?” ಎಂದರು. “ಕಲಿತು ನಾನೇ ಮಾಡ್ತೀನಿ ಸರ್” ಎಂದೆ. ಇಲ್ಲ ಎಂದು ಬರೆದು ಸಹಿ ಹಾಕುವ ಧೈರ್ಯ ಅವರಿಗೂ ಇರಲಿಲ್ಲ. ಮೂರು ವಾರ ಎಳೆದಾಡಿದ ಮೇಲೆ ಮಂಜುನಾಥ್ ಶಾಲೆಗೆ ಮರಳಿದರು. ಐವತ್ತೆಂಟನೇ ವಯಸ್ಸಿನಲ್ಲಿ ನಾನು ಎಕ್ಸೆಲ್ ಕಲಿತೆ.

ನೋಟೀಸ್ ಮಾತ್ರ ಹಿಂದೆ ಬರಲಿಲ್ಲ. ‘ಮುಂದೆ ಹೀಗಾಗದಂತೆ ಎಚ್ಚರಿಕೆ’ ಎಂಬ ಒಂದು ಪತ್ರ ಸವಿತಾ ಅವರ ಹೆಸರಿಗೆ ಹೋಗಿಯೇ ಹೋಯಿತು. ತಪ್ಪು ತಿದ್ದಲು ಒಪ್ಪಿದ ಕಚೇರಿ, ತಪ್ಪು ತನ್ನದೆಂದು ಒಪ್ಪಲಿಲ್ಲ. ಆ ಎಚ್ಚರಿಕೆ ಯಾರಿಗೆ ಹೋಗಬೇಕಿತ್ತು ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾಲ್ಕು ತಿಂಗಳ ನಂತರ ಮತ್ತೆ ಆ ಶಾಲೆಗೆ ಹೋದೆ. ಒಂದು ಕೋಣೆಯಲ್ಲಿ ಮಂಜುನಾಥರ ದನಿ ಜೋರಾಗಿ ಕೇಳುತ್ತಿತ್ತು. ಇನ್ನೊಂದರಲ್ಲಿ ಸವಿತಾ ಭಾಗಾಕಾರ ಹೇಳಿಕೊಡುತ್ತಿದ್ದರು. ಅಧಿಕಾರಿ ಬಾಗಿಲಿಗೆ ಬಂದರೆ ಪಾಠ ನಿಲ್ಲುವುದನ್ನೇ ನಾನು ಸರ್ವಿಸ್ ಉದ್ದಕ್ಕೂ ಕಂಡವಳು. ಸವಿತಾ ಸೀಮೆಸುಣ್ಣ ಕೆಳಗಿಡದೆ ಹೇಳಿದರು: “ಐದು ನಿಮಿಷ ಕೂತಿರಿ ಮೇಡಂ, ಈ ಲೆಕ್ಕ ಮುಗಿಸ್ಬಿಡ್ತೀನಿ.”

ಜಗಲಿಯ ಮೇಲೆ ಕೂತೆ. ಅವರಿಗೆ ನಾವು ಉತ್ಸಾಹ ತುಂಬಬೇಕಾಗಿಯೇ ಇರಲಿಲ್ಲ, ಅದು ಅವರಲ್ಲಿ ಮೊದಲಿನಿಂದಲೂ ಇತ್ತು. ನಾವು ಅಡ್ಡ ನಿಂತಿದ್ದೆವು, ಪಕ್ಕಕ್ಕೆ ಸರಿದರೆ ಸಾಕಿತ್ತು. ಅಷ್ಟನ್ನು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು. ಐದು ನಿಮಿಷ ಎಂದ ಲೆಕ್ಕ ಇಪ್ಪತ್ತು ನಿಮಿಷವಾಯಿತು. ನಾನು ಕಾದೆ.