ಮಗ್ಗಕ್ಕೆ ಕೂತ ಮಾಸ್ತರರು

ಇಳಕಲ್ಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನಿವೃತ್ತ ಮಾಸ್ತರರು ಬ್ಲಾಗ್ ಬರೆಯುತ್ತಿದ್ದರು. ನನ್ನ ಮಗ್ಗದ ಸಪ್ಪಳ ಕೇಳುತ್ತಲೇ ನೇಕಾರಿಕೆಯ ಮೇಲೆ ನಾಲ್ಕು ಪುಟ ಬರೆದು, ಗೋಡೆಯಾಚೆಯಿಂದ ಕೂಗುವರು: “ಜಗತ್ತ ಓದತೈತೋ ತಮ್ಮಾ!”

ನಾಲ್ಕನೇ ಇಯತ್ತೆಗೇ ಸಾಲಿ ಬಿಟ್ಟವನು ನಾನು. ಆ ಜಗತ್ತಿನಿಂದ ಒಬ್ಬರೂ ಸೀರೆ ಕೇಳಿಕೊಂಡು ಬಂದದ್ದನ್ನು ಕಾಣೆ. ಬಂದವರು ಬ್ಲಾಗ್ ಓದಿದ ಟಿವಿಯವರು.

“ನೇಯುತ್ತಾ ಮಾತಾಡಿ ಸರ್” ಎಂದು ಮಾಸ್ತರರಿಗೆ ಹೇಳಿದರು. ಅವರು ಕನ್ನಡಕ ಒರೆಸಿಕೊಂಡು ನನ್ನ ಮಗ್ಗಕ್ಕೆ ಕೂತರು. ಅದರಲ್ಲಿದ್ದದ್ದು ಮರುದಿನ ಕೊಡಬೇಕಾಗಿದ್ದ ಮದುವೆ ಸೀರೆ. “ಬ್ಯಾಡ್ರಿ ಸರ!” ಅನ್ನುವಷ್ಟರಲ್ಲಿ ಲಾಳಿ ಎಸೆದರು. ಅದು ಎಳೆಗಳ ನಡುವೆಯೇ ನಿಂತಿತು. ಅದರ ಮೇಲೆಯೇ ನೇಯ್ಗೆ ಬಿಗಿಯುವ ಹಲಗೆ ಎಳೆದು ಬಡಿದರು. ಒಂದು ಹಿಡಿಯಷ್ಟು ಎಳೆ ಹರಿದವು. ಟಿವಿಯವರು “ಸೂಪರ್ ಸರ್” ಎಂದು ಹೊರಟೇಬಿಟ್ಟರು.

ಮಾಸ್ತರರು ಮನೆಗೆ ಹೋಗಲಿಲ್ಲ. ಸಂಜೆಯವರೆಗೆ ಎದುರು ಕೂತು ಒಂದೊಂದೇ ತುದಿ ಹುಡುಕಿ ಕೊಟ್ಟರು. ನಾನು ಬೆರಳಿಗೆ ಬೂದಿ ಹಚ್ಚಿ ಹೊಸೆದು ಕೂಡಿಸಿದೆ. ಮರುದಿನ ಸೀರೆ ಮುಗಿದಾಗ ಮಾಸ್ತರರು ಆ ಹರಿದ ಜಾಗವನ್ನು ಬೆರಳಾಡಿಸಿ ಹುಡುಕಿದರು.

“ಎಲ್ಲೈತೋ ತಮ್ಮಾ?”

“ನಿಮಗ ಸಿಕ್ಕರ ನಾ ಎಂಥಾ ನೇಕಾರ್ರಿ ಸರ? ಇದನ್ನ ಬರೀರಿ ಬ್ಲಾಗಿನ್ಯಾಗ.”

ಅವರು ಗಾಬರಿಯಿಂದ ಕೈಯಲ್ಲಾಡಿಸಿದರು. “ಬ್ಯಾಡೋ ತಮ್ಮಾ, ಜಗತ್ತ ಓದತೈತಿ!”